ಯುಂಟಾದಲ್ಲಿ ಸಡಿಲಿಸಿದ ಪಟ್ಟಿ

ಡೆಸ್ ಪಾಸ್ಕೋಗೆ ಬೈಕು, ಅವನ ಹೆಂಡತಿ ವಿಲ್ಮಾಗೆ ಸ್ಟಿಯರಿಂಗು. ಪೀಟರ್‌ಬರೋದಲ್ಲಿ ಇಪ್ಪತ್ತಾರು ವರ್ಷ ನಡೆದ ಅವರ ಸಂಸಾರವನ್ನು ಇಷ್ಟರಲ್ಲೇ ಹೇಳಿ ಮುಗಿಸಬಹುದು. ಶನಿವಾರ ಬಂತೆಂದರೆ ಡೆಸ್ ಹಗುರವಾದ ಟ್ರೇಲರಿನ ಮೇಲೆ ರೇಸಿನ ಬೈಕು ಹತ್ತಿಸಿ, ನಾಲ್ಕು ಪಟ್ಟಿ ಬಿಗಿದು, ಮನೆಯ ಕಾರಿನ ಹಿಂದೆ ಕೊಂಡಿ ಹಾಕುತ್ತಿದ್ದ. ಎಳೆದುಕೊಂಡು ಹೋಗುವವಳು ವಿಲ್ಮಾ. ವಾರವೆಲ್ಲ ಶಾಲೆಯ ಬಸ್ಸು ಓಡಿಸಿ ಸೊಂಟ ಬಿದ್ದುಹೋಗಿದ್ದರೂ ಅವಳೇ. ಮಹಾರಾಯ ಪಕ್ಕದಲ್ಲಿ ಕೂತು ಪೈ ತಿನ್ನುತ್ತ ಬುದ್ಧಿ ಹೇಳುತ್ತಿದ್ದ. ಇಷ್ಟೆಲ್ಲ ಮಾಡಿ ಅವನು ಗೆದ್ದದ್ದೇನು? ಒಂದು ಸಲ ನಾಲ್ಕನೆಯ ಸ್ಥಾನ, ಮತ್ತೆ ಮೂರು ಮುರಿದ ಪಕ್ಕೆಲುಬು.

ಅವನ ಮೊಣಕಾಲು ಕೈಕೊಟ್ಟ ಮೇಲೆ ಬೈಕು ಮಗಳು ಕೆರಿನ್ ಪಾಲಿಗೆ ಬಂತು. ಮಾಂಸದ ಅಂಗಡಿಯಲ್ಲಿ ಕೆಲಸ ಮಾಡುವ ಇಪ್ಪತ್ನಾಲ್ಕರ ಹುಡುಗಿ ಎರಡೇ ವರ್ಷದಲ್ಲಿ ಅಪ್ಪ ಎಂದೂ ಕಾಣದ ಮೊದಲ ಸ್ಥಾನಕ್ಕೆ ಬಂದು ನಿಂತಿದ್ದಳು. ಇವತ್ತು ಬ್ರೋಕನ್ ಹಿಲ್‌ನ ಮಣ್ಣಿನ ಟ್ರ್ಯಾಕಿನ ಓಟದಲ್ಲಿ ಮೊದಲ ಮೂವರೊಳಗೆ ಬಂದರೆ ಇಡೀ ದೇಶದ ಪಂದ್ಯಕ್ಕೆ ಹೋಗುತ್ತಾಳೆ. ಈ ವರ್ಷಕ್ಕೆ ಇದೇ ಕೊನೆಯ ಅವಕಾಶ. ಊರಿನವರು ಆಗಲೇ ಡೆಸ್‌ನನ್ನು "ಕೆರಿನ್ ಅಪ್ಪ" ಎಂದು ಕರೆಯತೊಡಗಿದ್ದರು. ಅದು ಅವನಿಗೆ ಸುತರಾಂ ಹಿಡಿಸುತ್ತಿರಲಿಲ್ಲ.

ದಾರಿಯಲ್ಲಿ ಯುಂಟಾದ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಪಟ್ಟಿಗಳನ್ನು ಒಮ್ಮೆ ಎಳೆದು ನೋಡುವುದು ಆ ಮನೆಯ ಪದ್ಧತಿ. ಅವತ್ತು ಕೆರಿನ್ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಬಂಕು ಕಾಣುತ್ತಲೇ ಡೆಸ್, "ನಿಲ್ಲಿಸ್ಬೇಡ, ತಡ ಆಗುತ್ತೆ" ಎಂದ.

"ಇಷ್ಟು ವರ್ಷ ನಿಲ್ಲಿಸ್ದೇ ಹೋದ್ರೆ ನನ್ನ ಜನ್ಮ ಜಾಲಾಡ್ತಿದ್ದೆ. ಇವತ್ತೇನು ಬಂತು ನಿನಗೆ?"

"ಕಟ್ಟಿದೋನು ನಾನು. ನೀನು ಓಡ್ಸು, ಸಾಕು."

ವಿಲ್ಮಾಳ ಮೈ ಉರಿದುಹೋಯಿತು. ಬೇಕೆಂದೇ ನಿಲ್ಲಿಸಿ, ಇಳಿದು ಹಿಂದಕ್ಕೆ ಹೋದಳು.

ಮುಂದಿನ ಚಕ್ರಕ್ಕೂ ಅದರ ಮೇಲಿನ ಕಬ್ಬಿಣಕ್ಕೂ ನಡುವೆ ಡೆಸ್ ಯಾವಾಗಲೂ ಒಂದು ಮರದ ತುಂಡು ತುರುಕುತ್ತಿದ್ದ. ಪಟ್ಟಿ ಎಷ್ಟೇ ಬಿಗಿದರೂ ಮುಂದಿನ ಚಕ್ರ ಹಿಡಿದ ಸ್ಪ್ರಿಂಗಿನ ಫೋರ್ಕು ಪೂರ್ತಿ ಕುಗ್ಗಬಾರದಲ್ಲ, ಅದಕ್ಕೆ. ಇವತ್ತು ಆ ತುಂಡಿಲ್ಲ. ಪಟ್ಟಿ ಜಗ್ಗಿ ಜಗ್ಗಿ ಫೋರ್ಕನ್ನು ತಳಮುಟ್ಟ ಕುಗ್ಗಿಸಿಬಿಟ್ಟಿದ್ದ. ಎಂಬತ್ತೈದು ಕಿಲೋಮೀಟರಿನ ಕುಲುಕಾಟಕ್ಕೆ ಒಳಗಿನ ಎಣ್ಣೆ ತಡೆಯುವ ರಬ್ಬರ್ ಸೀಲು ಹರಿದು ಎಣ್ಣೆ ಚಕ್ರಕ್ಕೆ ಇಳಿಯುತ್ತಿತ್ತು. ಎಣ್ಣೆ ಸೋರುವ ಬೈಕನ್ನು ತಪಾಸಣೆಯವರು ಓಟಕ್ಕೆ ಬಿಡುವುದಿಲ್ಲ. ಮರೆತಿರಬಹುದೇ? ಊಟ ಮರೆತಾನು, ಮದುವೆಯಾದ ದಿನ ಮರೆತಾನು, ಆ ತುಂಡು ಮರೆಯುವ ಆಸಾಮಿಯಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಡೆಸ್ ಕುಂಟುತ್ತ ಇಳಿದು ಬಂದ.

"ಮರದ ತುಂಡೆಲ್ಲಿ?" ಎಂದಳು ವಿಲ್ಮಾ.

"ಮರೆತೆ."

"ಥೂ ನಿನ್ನ. ಸುಳ್ಳು ಹೇಳೋಕಾದ್ರೂ ಕಲ್ತ್ಕೋ."

"ಅವಳು ಕತ್ತು ಮುರ್ಕೊಂಡ್ರೆ ಯಾರು ನೋಡ್ತಾರೆ? ನನಗೆ ಭಯ ಕಣೇ."

"ಹೋದ ವರ್ಷ ಆರನೇದಾಗಿ ಬಂದಾಗ ಇಲ್ಲದ ಭಯ, ಈಗ ಮೊದಲನೇದಾಗಿ ಬಂದ್ಮೇಲೆ ಹುಟ್ತಾ? ಭಯ ಅಲ್ಲ ಇದು, ಹೊಟ್ಟೆಕಿಚ್ಚು. ಅದೂ ಹೆತ್ತ ಮಗಳ ಮೇಲೆ."

ಡೆಸ್ ರಸ್ತೆಯ ಕಡೆ ತಿರುಗಿಕೊಂಡ.

ಹಿಂದಿನ ಸೀಟಿನಿಂದ ಕೆರಿನ್ ಚೀಲ ಹಿಡಿದು ಇಳಿದಳು. "ಹೊಸ ಸೀಲು, ಎಣ್ಣೆ ಎರಡೂ ಇದೆ. ಎರಡು ಗಂಟೆ ಕೆಲಸ. ತಪಾಸಣೆ ಮುಗಿಯೋದು ಒಂದಕ್ಕೆ."

"ಸೀಲು ಯಾಕೆ ತಂದಿದ್ದೆ ನೀನು?" ವಿಲ್ಮಾ ಕೇಳಿದಳು.

"ಬೆಳಿಗ್ಗೆ ಕಿಟಕಿಯಿಂದ ನೋಡ್ದೆ, ಅಪ್ಪ ತುಂಡಿಲ್ದೆ ಕಟ್ಟೋದನ್ನ."

"ನೋಡೀನೂ ಬಾಯಿ ಮುಚ್ಕೊಂಡಿದ್ಯಾ?"

"ಊರು ದಾಟೋದ್ರೊಳಗೆ ತಾನೇ ನಿಲ್ಸು ಅಂತಾನೆ ಅಂದ್ಕೊಂಡೆ. ಹೋಗ್ಲಿ, ಇಲ್ಲಿ ಇಳಿದು ಸಡ್ಲ ಮಾಡ್ತಾನೆ ಅಂದ್ಕೊಂಡೆ. ನಿಲ್ಲಿಸ್ಬೇಡ ಅಂದ ನೋಡು, ಆಗ ಗೊತ್ತಾಯ್ತು."

ಡೆಸ್ ಪಟ್ಟಿಯತ್ತ ಕೈ ಚಾಚಿದ. ಎಷ್ಟಾದರೂ ಅಭ್ಯಾಸದ ಕೈ.

"ಮುಟ್ಬೇಡ ಅಪ್ಪ" ಎಂದಳು ಕೆರಿನ್. ದನಿ ಏರಿಸಲಿಲ್ಲ.

ಪಟ್ಟಿ ಸಡಿಲಿಸಿದವಳು ವಿಲ್ಮಾ. ಬಂಕಿನ ನೆರಳಲ್ಲಿ ಮಗಳು ಚಕ್ರ ಬಿಚ್ಚಿ ಸೀಲು ಕೂರಿಸಿದಳು. ತಾಯಿ ಫೋರ್ಕು ಹಿಡಿದು, ಎಣ್ಣೆ ಒರೆಸಿ, ಬೆರಳು ಜಜ್ಜಿಸಿಕೊಂಡಳು. ಇಷ್ಟು ವರ್ಷ ಎಳೆದ ಬೈಕಿನ ಹೊಟ್ಟೆಯೊಳಗೆ ಏನಿದೆ ಎಂದು ಅವಳು ನೋಡಿದ್ದು ಅವತ್ತೇ ಮೊದಲು. ಡೆಸ್ ಎರಡು ಸಲ ಚಹಾ ತಂದಿಟ್ಟ. ಯಾರೂ ಕುಡಿಯಲಿಲ್ಲ.

ಬ್ರೋಕನ್ ಹಿಲ್ ಮುಟ್ಟಿದಾಗ ಒಂದಕ್ಕೆ ಹತ್ತು ನಿಮಿಷ. ತಪಾಸಣೆಯವನು ಫೋರ್ಕಿನ ಮೇಲೆ ಬೆರಳಾಡಿಸಿ, ಬೆರಳು ನೋಡಿಕೊಂಡು, ಸರಿ ಎಂದ. ಓಟಗಾರರ ಜೊತೆ ಒಳಗೆ ಹೋಗಲು ಸಹಾಯಕರಿಗೆ ಕೊಡುವುದು ಒಂದೇ ಪಾಸು.

"ಎಂದಿನಂತೆ ಡೆಸ್ ಹೆಸರು ಬರ್ಕೊಳ್ಳಲಾ?" ಎಂದ ಅವನು.

"ಅಮ್ಮನ ಹೆಸರು ಬರ್ಕೊಳ್ಳಿ" ಎಂದಳು ಕೆರಿನ್. "ಅಪ್ಪ ನೋಡೋಕೆ ಬಂದಿದ್ದಾನೆ ಅಷ್ಟೇ."

ತಪಾಸಣೆಯವನು ಗೇಟಿನ ಕಡೆ ಕೈ ತೋರಿಸಿದ. ಡೆಸ್ ಪಾಸ್ಕೋ ಕುಂಟುತ್ತ ಹೋಗಿ, ಐಸ್‌ಕ್ರೀಮ್ ಹಿಡಿದ ಮಕ್ಕಳ ಹಿಂದೆ, ಟಿಕೆಟಿನ ಸಾಲಿನಲ್ಲಿ ನಿಂತ.