ಪಂಚಶೀಲಾಳ ನಲವತ್ತು ನಿಮಿಷ

ಕಲಬುರಗಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಎರಡು ದಿನದ ಡೆವಲಪರ್ ಸಮ್ಮೇಳನ. ದೊಡ್ಡ ಕಂಪನಿಗಳಿಗೆ ತಂತ್ರಾಂಶ ಬರೆಯುವವರಿಗೆ ಒಂದು ಹಾಲ್, ಡೆಸ್ಕ್‌ಟಾಪ್‌ನವರಿಗೆ ಒಂದು, ವೆಬ್‌ನವರಿಗೆ ಇನ್ನೊಂದು. ವೆಬ್ ಹಾಲಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಪಂಚಶೀಲಾಳ ಹೆಸರು ಮೂರನೆಯದು. ಊಟದ ನಂತರ ಅವಳ ಮಾತು, ನಲವತ್ತು ನಿಮಿಷ. ವಿಷಯ, ಆಸ್ಪತ್ರೆಯೊಂದರ ಹಳೆಯ ಡೆಸ್ಕ್‌ಟಾಪ್ ತಂತ್ರಾಂಶವನ್ನು ಒಂದು ದಾಖಲೆಯೂ ಕಳೆಯದೆ ವೆಬ್‌ಗೆ ತಂದದ್ದು. 'ಒಂದು ದಾಖಲೆಯೂ ಕಳೆಯದೆ' ಎಂಬುದನ್ನು ಅವಳು ಬರೆದಿರಲಿಲ್ಲ. ಅದು ಅವಳ ಮಾಲೀಕ ದಿಲೀಪನ ಸೇರ್ಪಡೆ.

ನಲವತ್ತೆರಡು ವರ್ಷದ ಪಂಚಶೀಲಾ ಅದುವರೆಗೆ ಮೈಕು ಹಿಡಿದವಳಲ್ಲ. ಹುಟ್ಟಿದ್ದು ಕಮಲಾಪುರದಲ್ಲಿ. ಅಪ್ಪ ಸೂರ್ಯಕಾಂತ ಕಂಡವರ ತೋಟದಲ್ಲಿ ಕೆಂಪು ಬಾಳೆಯ ಗೊನೆ ಹೊತ್ತವನು. ಮಗಳು ಮಾತ್ರ ಭಾರ ಹೊರಬಾರದೆಂದು ಹಟ ಹಿಡಿದು ಓದಿಸಿದ. ದಿನಾ ಬಸ್ಸಿನಲ್ಲಿ ಕಲಬುರಗಿಗೆ ಹೋಗಿ ಡಿಪ್ಲೊಮಾ ಮುಗಿಸಿದಳು, ಅಲ್ಲೇ ಕೋಟನೂರಿನಲ್ಲಿ ದಿಲೀಪನ ಐದು ಮಂದಿಯ ಆಫೀಸು ಸೇರಿದಳು. ಹದಿಮೂರು ವರ್ಷದ ಹಿಂದೆ ಒಬ್ಬಳೇ ಕೂತು ಬರೆದ ಮೊದಲ ತಂತ್ರಾಂಶ ಕಮಲಾಪುರದ್ದೇ ಒಂದು ಸಣ್ಣ ಖಾಸಗಿ ಆಸ್ಪತ್ರೆಗೆ. ಹೆಸರು, ಊರು, ಫೋನು, ವಯಸ್ಸು, ಕಾಯಿಲೆ. ಯಾರಿಗಾದರೂ ಯಾವುದಾದರೂ ಔಷಧ ಮೈಗೆ ಆಗದಿದ್ದರೆ ಎಲ್ಲಕ್ಕಿಂತ ಮೇಲೆ ಅದು ಕೆಂಪು ಸಾಲಿನಲ್ಲಿ ಕಾಣುತ್ತಿತ್ತು. ನೋಡಲಿಕ್ಕೆ ಚಂದವಿರಲಿಲ್ಲ, ಆದರೆ ಒಂದು ದಿನವೂ ಕೈಕೊಟ್ಟದ್ದಿಲ್ಲ.

ಆ ಆಸ್ಪತ್ರೆಯ ಕೌಂಟರಿನಲ್ಲಿ ಕೂರುತ್ತಿದ್ದವಳು ಇಕ್ಬಾಲ್ ಬೇಗಂ. ಪಂಚಶೀಲಾ ಅವಳಿಗೆ ಮೌಸ್ ಹಿಡಿಯಲು ಕಲಿಸಿದಳು, ಅವಳು ಪಂಚಶೀಲಾಳಿಗೆ ಜನರನ್ನು ಬರೆದುಕೊಳ್ಳುವುದು ಹೇಗೆಂದು ತೋರಿಸಿದಳು. ವಯಸ್ಸೆಷ್ಟು ಎಂದು ಕೇಳಿದರೆ ನಮ್ಮ ಕಡೆಯ ಹಳಬರು 'ನೀವೇ ನೋಡಿ ಬರ್ಕೋರಿ' ಅನ್ನುತ್ತಾರೆ. ಇಕ್ಬಾಲ್ ಬೇಗಂ ಮುಖ ನೋಡಿ ಬರೆಯುವಳು. ಅದೇ ಮನುಷ್ಯ ದೀಪಾವಳಿಗೆ ಐವತ್ತು, ಯುಗಾದಿಗೆ ಅರವತ್ತೈದು.

ಕಳೆದ ವರ್ಷ ಡಾಕ್ಟರಿಗೆ ಎಲ್ಲವೂ ಫೋನಿನಲ್ಲಿ ಕಾಣಬೇಕೆನಿಸಿತು. ದಿಲೀಪ ಮೂರೇ ವಾರದಲ್ಲಿ ಕೊಡುತ್ತೇವೆಂದು ಒಪ್ಪಿಕೊಂಡು ಬಂದ. ಹನ್ನೊಂದು ಸಾವಿರ ದಾಖಲೆ, ಅದರಲ್ಲಿ ಒಬ್ಬರದೇ ಮೂರು ನಾಲ್ಕು ಸಲ. ಪಂಚಶೀಲಾ ಒಂದು ನಿಯಮ ಬರೆದಳು: ಹೆಸರು, ಊರು, ಫೋನು ಮೂರೂ ಒಂದೇ ಆಗಿದ್ದರೆ ಅವರು ಒಬ್ಬರೇ, ಕೊನೆಗೆ ಬಂದುಹೋದ ದಿನದ ದಾಖಲೆ ಉಳಿಯಲಿ. ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪರವೂರಿನವರು ಯಾರಾದರೂ ಬರೆದಿದ್ದರೆ ವಯಸ್ಸನ್ನು ನಂಬುತ್ತಿದ್ದರು, ಇಪ್ಪತ್ನಾಲ್ಕರವಳು ಬೇರೆ, ಐವತ್ತೆಂಟರವಳು ಬೇರೆ ಎಂದು ಬಿಡುತ್ತಿದ್ದರು. ಇವಳು ಊರಿನ ಮಗಳು, ಇಲ್ಲಿ ವಯಸ್ಸೆಂದರೆ ಅಂದಾಜು ಎಂದು ಬಲ್ಲವಳು. ಆ ಬಲ್ಲೆನೆಂಬ ಧೈರ್ಯವೇ ಮುಳುವಾಯಿತು. ಕೌಂಟರಿನಲ್ಲಿ ಕೂತವಳನ್ನು ಒಂದು ಮಾತು ಕೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಕಮಲಾಪುರದ ಒಂದು ಓಣಿಯಲ್ಲಿ ಮೈಬೂಬ ಎಂಬ ಹಮಾಲನ ಮನೆ. ನಮ್ಮ ಕಡೆ ಸಂತ ಮೈಬೂಬ ಸುಬಹಾನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಗಂಡಿಗೆ ಮೈಬೂಬ, ಹೆಣ್ಣಿಗೆ ಮೆಹಬೂಬಿ ಎಂದಿಡುವುದುಂಟು. ಅವನ ತಾಯಿ ಮೆಹಬೂಬಿ, ಮದುವೆಯಾಗಿ ಬಂದ ಹೆಂಡತಿಯೂ ಮೆಹಬೂಬಿ. ಮನೆಗೆಲ್ಲ ಇದ್ದದ್ದು ಮೈಬೂಬನ ಒಂದೇ ಫೋನು. ಸೊಸೆಗೆ ಒಂದು ಬಗೆಯ ಇಂಜೆಕ್ಷನ್ ಆಗುತ್ತಿರಲಿಲ್ಲ, ಕೆಂಪು ಸಾಲಿದ್ದದ್ದು ಅವಳ ಹೆಸರಿಗೆ. ಪಂಚಶೀಲಾಳ ನಿಯಮ ಅತ್ತೆ ಸೊಸೆಯನ್ನು ಒಬ್ಬಳನ್ನಾಗಿ ಮಾಡಿತು. ಆಗಷ್ಟೇ ಮೊಣಕಾಲು ನೋವಿಗೆ ಬಂದುಹೋಗಿದ್ದ ಅತ್ತೆಯ ದಾಖಲೆ ಉಳಿಯಿತು. ಸೊಸೆಯದು ಅಳಿಯಿತು, ಅದರೊಂದಿಗೆ ಕೆಂಪು ಸಾಲೂ.

ಜ್ವರ ಬಂದು ಸೊಸೆ ಆಸ್ಪತ್ರೆಗೆ ಬಂದಾಗ ಏಳು ತಿಂಗಳ ಬಸುರಿ. ಇಕ್ಬಾಲ್ ಬೇಗಂ ಹೆಸರು ಹಾಕಿ ಒಳಗೆ ಕಳಿಸಿದಳು. ಕೆಂಪು ಸಾಲು ಎಂದಿನಂತೆ ಡಾಕ್ಟರ ಪರದೆಯ ಮೇಲೆ ತಾನಾಗಿ ಬರುತ್ತದೆಂದು ನಂಬಿದ್ದಳು. ಡಾಕ್ಟರು ಪರದೆ ನೋಡಿದರು, ಬಾಯಿಬಿಟ್ಟು ಕೇಳಲಿಲ್ಲ. ಇಂಜೆಕ್ಷನ್ ಕೊಟ್ಟ ಐದು ನಿಮಿಷಕ್ಕೆ ಹುಡುಗಿಯ ಉಸಿರು ಕಟ್ಟಿತು. ಆಂಬುಲೆನ್ಸಿನಲ್ಲಿ ಕಲಬುರಗಿಗೆ ಒಯ್ದರು. ಅವಳು ಬದುಕಿದಳು, ಹೊಟ್ಟೆಯಲ್ಲಿದ್ದ ಕೂಸು ಉಳಿಯಲಿಲ್ಲ.

ಕೌಂಟರಿನವಳು ಅದನ್ನು ಬರೆದುಕೊಂಡೇ ಇರಲಿಲ್ಲವೆಂದು ಆಸ್ಪತ್ರೆಯವರು ಹೇಳಿದರು, ಅದೇ ವಾರ ಇಕ್ಬಾಲ್ ಬೇಗಂಳನ್ನು ಕೆಲಸದಿಂದ ತೆಗೆದರು. ಪಂಚಶೀಲಾ ಹಳೆಯ ಕಂಪ್ಯೂಟರಿನ ದಾಖಲೆಗಳ ಪ್ರತಿ ತೆಗೆದು ನೋಡಿದಳು. ನಾಲ್ಕು ವರ್ಷದ ಹಿಂದೆ ಇಕ್ಬಾಲ್ ಬೇಗಂ ಬರೆದ ಸಾಲು ಅಲ್ಲಿ ಕೆಂಪಗೆ ಹಾಗೇ ಇತ್ತು. ಇಬ್ಬರ ದಾಖಲೆ ಮತ್ತೆ ಬೇರೆ ಮಾಡಿ, ನಿಯಮ ತಿದ್ದಿ, ದಿಲೀಪನ ಮುಂದೆ ಹೋಗಿ ನಿಂತಳು.

"ಸುಧಾರ್ಸಿದ್ರಲ್ಲ ಮೇಡಂ, ಮುಗೀತು" ಅಂದ ದಿಲೀಪ. "ಅವ್ರು ನಮ್ಮ ಮ್ಯಾಲ ಬೊಟ್ಟು ಮಾಡಿಲ್ಲ. ನೀವಾಗೇ ಹೋಗಿ ಹೇಳಿದ್ರ ಐದೂ ಮಂದಿ ಮನ್ಯಾಗ ಕೂಡ್ತೀವಿ. ಯಾಕ ಬೇಕ್ರಿ?"

ಅವಳು ಬಾಯಿ ಮುಚ್ಚಿಕೊಂಡಳು. ಒಂದೆರಡು ದಿನವಲ್ಲ, ನಾಲ್ಕು ತಿಂಗಳು. ಇದಕ್ಕೆ ಏನು ಸಮಜಾಯಿಷಿ ಕೊಟ್ಟರೂ ನಿಲ್ಲುವುದಿಲ್ಲ, ಅವಳೂ ಕೊಟ್ಟುಕೊಳ್ಳಲಿಲ್ಲ. ಕಮಲಾಪುರಕ್ಕೆ ತಾಯಿ ಪುತಳಾಬಾಯಿಯನ್ನು ನೋಡಲು ಹೋದಾಗ ಇಕ್ಬಾಲ್ ಬೇಗಂ ಸಂತೆಯಲ್ಲಿ ಸಿಕ್ಕಾಳೆಂದು ಸುತ್ತು ಹಾಕಿ ಮನೆ ಸೇರುತ್ತಿದ್ದಳು. ಅಷ್ಟರಲ್ಲಿ ಸಮ್ಮೇಳನದವರ ಕರೆ ಬಂತು, ದಿಲೀಪ ಅವಳ ಹೆಸರು ಕೊಟ್ಟ.

ಹಾಲಿನಲ್ಲಿ ಅರವತ್ತು ಮಂದಿ ಇದ್ದರು. ಮುಂದಿನ ಸಾಲಿನಲ್ಲಿ ದಿಲೀಪ, ಹೊಸ ಅಂಗಿ. ಪಂಚಶೀಲಾ ಮೊದಲ ಇಪ್ಪತ್ತು ನಿಮಿಷ ಕಲಿತ ಪಾಠ ಒಪ್ಪಿಸಿದಳು: ಹಳೆಯದು ಹೇಗಿತ್ತು, ಹೊಸದು ಹೇಗಿದೆ. ಆಮೇಲೆ 'ಒಂದು ದಾಖಲೆಯೂ ಕಳೆಯದೆ' ಎಂಬ ದಿಲೀಪನ ಮೂರು ಪದ ದೊಡ್ಡ ಅಕ್ಷರದಲ್ಲಿ ಪರದೆಗೆ ಬಂದವು. ಅವಳು ಅವನ್ನು ಓದಿದಳು, ಒಂದು ಗುಟುಕು ನೀರು ಕುಡಿದಳು.

"ಇದು ಸುಳ್ಳದ" ಅಂದಳು.

ಊರಿನ ಹೆಸರು, ಆಸ್ಪತ್ರೆಯ ಹೆಸರು, ಆ ಮನೆಯವರ ಹೆಸರು ಎತ್ತದೆ ಉಳಿದದ್ದನ್ನೆಲ್ಲ ಹೇಳಿದಳು. ತಾನು ಬರೆದ ನಿಯಮವನ್ನು ಸಾಲು ಸಾಲಾಗಿ ತೋರಿಸಿದಳು. ವಯಸ್ಸನ್ನು ಯಾಕೆ ಬಿಟ್ಟೆ, ಬಿಟ್ಟಾಗ ತನಗೆಷ್ಟು ಹೆಮ್ಮೆಯಾಗಿತ್ತು, ಕೂಸು ಹೋದದ್ದು, ತನ್ನ ತಪ್ಪಿಗೆ ಇನ್ನೊಬ್ಬಳ ಕೆಲಸ ಹೋದದ್ದು, ತಾನು ಸುಮ್ಮನಿದ್ದದ್ದು. ಹಿಂದೆ ಕೂತಿದ್ದ ತೂಬಾ ಎಂಬ ಹೊಸ ಡೆವಲಪರ್ ಎದ್ದು ಕೇಳಿದಳು, "ಹಂಗಾರ ಏನ್ ಮಾಡ್ಬೇಕಿತ್ರಿ ಮೇಡಂ?"

"ಕೌಂಟರ್‌ದಾಗ ಕೂತಾಕೀನ್ನ ಕೇಳ್ಬೇಕಿತ್ತು. ಆಕಿಗೆ ಎಲ್ಲಾರ ಮುಖ ಗೊತ್ತಿತ್ತು. ಒಂದು ಮುಂಜಾನಿ ಸಾಕಿತ್ತು."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಧೈರ್ಯವಂತೆ ಅಂದರು, ಕೈ ಕುಲುಕಿದರು. ಆ ಚಪ್ಪಾಳೆ ಅವಳಿಗೆ ಮೈಮೇಲೆ ಕಜ್ಜಿ ಎದ್ದಂತೆ ಆಯಿತು. ದಿಲೀಪ ಮಾತಾಡಿಸದೆ ಹೊರಟುಹೋದ.

ಮರುದಿನ ಬೆಳಗಿನ ಬಸ್ಸಿಗೆ ಕಮಲಾಪುರಕ್ಕೆ ಹೋದಳು. ಇಕ್ಬಾಲ್ ಬೇಗಂ ಅಂಗಳದಲ್ಲಿ ಕೂತು ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದಳು. ಪಂಚಶೀಲಾ ನಿಂತುಕೊಂಡೇ ಎಲ್ಲ ಹೇಳಿದಳು, ನಿನ್ನೆ ಹಾಲಿನಲ್ಲಿ ಒಪ್ಪಿಕೊಂಡದ್ದನ್ನೂ. ಇಕ್ಬಾಲ್ ಬೇಗಂ ಮೊರ ಕೆಳಗಿಟ್ಟಳು.

"ಎಷ್ಟು ಮಂದಿ ಇದ್ರು?"

"ಅರವತ್ತು, ಆಪಾ."

"ಅದ್ರಾಗ ನನ್ನ ಗುರ್ತಿದ್ದವ್ರು?"

"ಯಾರೂ ಇಲ್ರಿ."

"ನನ್ನ ಹೆಸ್ರು ಕೆಟ್ಟಿದ್ದು ಇಲ್ಲಿ, ಬೇಟಿ. ಮೈಬೂಬನ ಓಣ್ಯಾಗ ನಾಕು ತಿಂಗ್ಳು ಕಾಲಿಟ್ಟಿಲ್ಲ ನಾ. ಇವ್ಳೇ ಕೊಂದ್ಳು ಅಂತಾರ." ಎದ್ದು ಬುರ್ಕಾ ಹಾಕಿಕೊಂಡಳು. "ನಡಿ. ಅಲ್ಲಿ ಹೇಳು."

ಅರವತ್ತು ಮಂದಿಯ ಮುಂದೆ ಬಾರದಿದ್ದ ಹೆದರಿಕೆ ಆ ಇಕ್ಕಟ್ಟು ಓಣಿಯಲ್ಲಿ ಬಂತು. ಅತ್ತೆ ಮೆಹಬೂಬಿ ಇಕ್ಬಾಲ್ ಬೇಗಂಳನ್ನು ಕಂಡು ಮುಖ ತಿರುಗಿಸಿದಳು, ಆದರೂ ಮನೆಗೆ ಬಂದವರಿಗೆ ಚಾಪೆ ಹಾಸಿದಳು. ಸೊಸೆ ಒಳಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಇಪ್ಪತ್ನಾಲ್ಕು ದಾಟಿರಲಿಕ್ಕಿಲ್ಲ.

ಇಲ್ಲಿ ಪರದೆ ಇರಲಿಲ್ಲ, ತೋರಿಸಲು ಏನೂ ಇರಲಿಲ್ಲ. "ನಿಮ್ಮಿಬ್ರ ಹೆಸ್ರು ಒಂದೇ, ಫೋನ್ ಒಂದೇ" ಅಂದಳು ಪಂಚಶೀಲಾ. "ಇಬ್ರೂ ಒಬ್ಬಾಕೇ ಅಂತ ನಾ ತಿಳ್ಕೊಂಡೆ. ಆ ಸೂಜಿ ಆಗಲ್ಲಂತ ಆಪಾ ಬರ್ದಿಟ್ಟಿದ್ರು, ಖರೇನೇ ಬರ್ದಿದ್ರು. ನಾ ಅದನ್ನ ಅಳಿಸ್ದೆ. ತಪ್ಪು ಇವ್ರದಲ್ಲ, ನಂದು."

ಅತ್ತೆ ಸರಿದು ಬಂದು ಇಕ್ಬಾಲ್ ಬೇಗಂಳ ಕೈ ಹಿಡಿದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಇಬ್ಬರೂ ಅಳತೊಡಗಿದರು. ಸೊಸೆ ಅಳಲಿಲ್ಲ.

"ಈಗ ಆ ಕಂಪ್ಯೂಟರ್‌ದಾಗ ನಮ್ಮ ಮನಿ ಹೆಣ್ಮಕ್ಕಳು ಎಷ್ಟು ಮಂದಿ ಅದೀವ್ರಿ?" ಎಂದು ಕೇಳಿದಳು.

"ಇಬ್ರು. ಸರಿ ಮಾಡೀನ್ರಿ" ಅಂದಳು ಪಂಚಶೀಲಾ.

"ನಂಗ ಹುಟ್ಬೇಕಾದಾಕೀನೂ ಹೆಣ್ಣೇ ಇದ್ಳ್ರಿ" ಎಂದು ಹೇಳಿ ಅವಳು ಒಳಗೆ ಹೋದಳು.