ಬೂಗಿವೂಗಿಯ ಎಡಗೈ

ಅಮೆರಿಕದ ಬರ್ಬ್ಯಾಂಕಿನಲ್ಲಿ ನಮ್ಮ ಪಕ್ಕದ ಮನೆಯಾಕೆ ಪಿಯಾನೋದಲ್ಲಿ ಬೂಗಿವೂಗಿ ನುಡಿಸುತ್ತಿದ್ದರು. ಎಡಗೈ ಒಂದೇ ವರಸೆಯನ್ನು ಬಿಡದೆ ಉರುಳಿಸುತ್ತಿರಬೇಕು, ಬಲಗೈ ಅದರ ಮೇಲೆ ಮನಬಂದಂತೆ ಆಡಬೇಕು, ಕೇಳಿದವರು ಎದ್ದು ಕುಣಿಯಬೇಕು. ಕುಣಿಯುತ್ತಿದ್ದವರು ಅವರ ಗಂಡ. ಎಪ್ಪತ್ತು ದಾಟಿದ ಮನುಷ್ಯ. ಭಾನುವಾರ ಮಧ್ಯಾಹ್ನ ಮರದ ನೆಲದ ಮೇಲೆ ಅವರ ಬೂಟಿನ ಸದ್ದು ನಮ್ಮ ಅಡುಗೆಮನೆಗೇ ಕೇಳುತ್ತಿತ್ತು. ನನ್ನ ಒಗ್ಗರಣೆ ಎಷ್ಟೋ ಸಲ ಸೀದದ್ದು ಅದನ್ನು ಕೇಳುತ್ತಾ ನಿಂತು.

ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಆಕೆಗೆ ಸ್ಟ್ರೋಕ್ ಆಯಿತು. ಎಡಗೈ ಬಿದ್ದುಹೋಯಿತು, ಎಡಗಾಲು ಎಳೆಯತೊಡಗಿತು. ಗಂಡ ಕುಣಿಯುವುದಿರಲಿ, ಮಾತನಾಡುವುದನ್ನೇ ಬಿಟ್ಟರು.

ಒಂದು ದಿನ ಆಕೆ ನನ್ನನ್ನು ಕರೆಸಿದರು. ಅವರ ಇಂಗ್ಲಿಷು ನನ್ನ ನೆನಪಿನಲ್ಲಿ ಈಗ ಕನ್ನಡವೇ ಆಗಿಬಿಟ್ಟಿದೆ.

"ನೀನು ಪಿಟೀಲಿನವಳು, ನಿನ್ನ ಎಡಗೈ ಬೆರಳು ಗಟ್ಟಿ. ನನ್ನ ಎಡಗೈ ಆಗ್ತೀಯಾ? ಅವನು ಇನ್ನೊಂದ್ಸಲ ಕುಣೀಬೇಕು."

ಆ ಎಡಗೈ ವರಸೆಯ ಒಂದೊಂದು ಸುತ್ತಿನಲ್ಲೂ ಎಂಟು ಪೆಟ್ಟು. ಆದಿತಾಳಕ್ಕೂ ಎಂಟೇ ತಾನೆ ಎಂದು ಜಂಬದಿಂದ ಒಪ್ಪಿಕೊಂಡೆ.

ಆದರೆ ನಾನು ಮೈಸೂರಿನಲ್ಲಿ ಪಕ್ಕವಾದ್ಯ ನುಡಿಸಿ ಬೆಳೆದವಳು. ಹಾಡುವವರು ಹೋದ ದಾರಿಯಲ್ಲೇ ನೆರಳಿನಂತೆ ಹೋಗಬೇಕು, ಅವರು ಎಡವಿದರೆ ಸಭೆಗೆ ತಿಳಿಯದಂತೆ ಮುಚ್ಚಬೇಕು. ಆಕೆಯ ಬಲಗೈ ಸೋತು ತಡವರಿಸಿದಾಗಲೆಲ್ಲ ನನ್ನ ಎಡಗೈ ತಾನಾಗಿ ನಿಧಾನಿಸುತ್ತಿತ್ತು.

"ನನ್ನ ಹಿಂದೆ ಬರಬೇಡ! ನೀನು ನೆಲ. ನೆಲ ಯಾರಿಗಾದ್ರೂ ಕಾಯುತ್ತಾ?" ಎಂದು ಗದರುತ್ತಿದ್ದರು.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ವಾರಗಟ್ಟಲೆ ಹೆಣಗಿದರೂ ಆಗಲಿಲ್ಲ. ಮನೆಯಲ್ಲಿ ನನ್ನ ಎಂಜಿನಿಯರ್ ಗಂಡ, "ಮೆಷಿನ್ ಥರ ನುಡಿಸು ಅಂತಿದಾರೆ ಅವರು. ಅಷ್ಟೂ ಆಗಲ್ವಾ ನಿಂಗೆ?" ಎಂದರು.

"ತಾಳಕ್ಕೆ ಚಪ್ಪಾಳೆ ತಟ್ಟಕ್ಕೂ ಬರದೋರು ನೀವು, ಸುಮ್ನಿರಿ," ಎಂದು ರೇಗಿದೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ. ಸೋಲುತ್ತಿರುವವರನ್ನು ಕಂಡೂ ನಿಲ್ಲದೆ ಮುಂದೆ ಹೋಗುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಕೊನೆಗೊಂದು ಭಾನುವಾರ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತೆವು. ಅವರ ಗಂಡ ಬೂಟು ಹಾಕಿಕೊಂಡು ಗೋಡೆಗೊರಗಿ ನಿಂತಿದ್ದರು. ಶುರುವಾಯಿತು. ಸ್ವಲ್ಪ ಹೊತ್ತಿಗೆ ಆಕೆಯ ಬಲಗೈ ತಡವರಿಸಿತು, ಆಮೇಲೆ ಮಡಿಲಿಗೆ ಬಿತ್ತು. ನನ್ನ ಬೆರಳು ನಿಧಾನಿಸಿತು.

"ನಿಲ್ಲಿಸಬೇಡ," ಎಂದರು ಆಕೆ. ಬೆಂಚು ಅಲುಗಿತು. ಗಂಡ ಬಂದು ಅವರನ್ನು ಎಬ್ಬಿಸಿಕೊಂಡಿದ್ದರು.

ತಿರುಗಿ ನೋಡಬೇಕೆನಿಸಿತು. ನೋಡಿದರೆ ನನ್ನ ಕೈ ಆಕೆಯ ಕಾಲಿನ ಹಿಂದೆಯೇ ಹೋಗಿಬಿಡುತ್ತದೆಂದು ಗೊತ್ತಿತ್ತು. ಗೋಡೆ ನೋಡುತ್ತಾ ನುಡಿಸಿದೆ. ಬೆನ್ನ ಹಿಂದೆ ಒಂದು ಜೊತೆ ಬೂಟು, ಎಳೆಯುವ ಒಂದು ಕಾಲು. ಆಮೇಲೆ ಎರಡೂ ನಿಂತುಹೋದವು.

"ನಿಲ್ಲಿಸ್ಲಾ?" ಎಂದೆ, ಎಡಗೈ ನಿಲ್ಲಿಸದೆ ಬಲಗೈಯಲ್ಲಿ ಕಣ್ಣೊರೆಸಿಕೊಳ್ಳುತ್ತಾ.

"ಬೇಡ," ಎಂದರು ಗಂಡ. "ಅವಳಿಗೆ ಆಗ್ತಿಲ್ಲ. ಹಿಡ್ಕೊಂಡು ನಿಂತಿದೀನಿ. ನೀನು ನುಡಿಸ್ತಾ ಇರು."