ಕುರಿಹಟ್ಟಿಯ ಬ್ಯಾಟರಿ

ಗಾಡಿಯ ಎಂಜಿನ್ ನಡೆಸುವ ಕಂಟ್ರೋಲ್ ಮಾಡ್ಯೂಲಿಗೆ ಸಾಫ್ಟ್‌ವೇರ್ ತುಂಬುವಾಗ ಯಾರೂ ಗಾಡಿ ಮುಟ್ಟಬಾರದು ಅನ್ನೋದು ನನ್ನ ನಿಯಮ. ನಡುವೆ ಬ್ಯಾಟರಿ ಕುಸಿದರೆ ಮಾಡ್ಯೂಲ್ ಸತ್ತ ಹಾಗೇ. ಆದೋನಿಯ ನನ್ನ ಶೆಡ್ಡಿಗೆ ಅವತ್ತು ಪಿಕಪ್ ತಂದವರು ಮದ್ದಿಕೇರದ ಕಡೆಯ ಒಬ್ಬ ಕುರಿ ಸಾಕುವ ಹಿರಿಯರು. ಗಾಡಿಯ ಹಿಂದೆ ಕಂಬಳಿ, ಕೊಡ, ಹಗ್ಗ, ಏನೇನೋ ಗಂಟು.

"ಈ ಸಂಸಾರ ಎಲ್ಲಾ ಮೊದ್ಲ ಇಳಿಸ್ರಿ. ಆಮ್ಯಾಲೆ ನಾ ಹೇಳೋತನಕ ಗಾಡಿ ಮುಟ್ಟಬ್ಯಾಡ್ರಿ" ಎಂದು ರೇಗಿದೆ. ಅವರು ಎಲ್ಲ ಇಳಿಸಿ, ದೂರ ಹೋಗಿ ಕೂತರು.

ಸಾಫ್ಟ್‌ವೇರ್ ಅರವತ್ತು ಪರ್ಸೆಂಟ್ ತುಂಬಿತ್ತು. "ಕರೆಂಟ್ ಪೋಯಿಂದಿ" ಎಂದು ಪಕ್ಕದ ಅಂಗಡಿಯವನು ಕೂಗಿದ. ಕರೆಂಟ್ ಹೋಗಿ, ಗಾಡಿಯ ಬ್ಯಾಟರಿಗೆ ಹಾಕಿದ್ದ ಚಾರ್ಜರ್ ನಿಂತಿತು. ಲ್ಯಾಪ್‌ಟಾಪಿನಲ್ಲಿ ವೋಲ್ಟೇಜ್ ಇಳಿಯುತ್ತಾ ಹೋಯಿತು. ಶೆಡ್ಡಿನಲ್ಲಿ ಚಾರ್ಜ್ ಇದ್ದ ಬೇರೆ ಬ್ಯಾಟರಿ ಇರಲಿಲ್ಲ.

"ಮೇಸ್ತ್ರಿ, ಹಟ್ಟಿಯಾಗ ಲೈಟ್ ಹಚ್ಚೋ ಬ್ಯಾಟ್ರಿ ಐತಿ. ನಿನ್ನೆನೇ ಫುಲ್ ಚಾರ್ಜ್ ಮಾಡಿಸೀನಿ. ನಡೀತೈತೇನು?"

ತಿರುಗಿ ನೋಡಿದರೆ ಆ ಹಿರಿಯರು. ನಾನು ಇಳಿಸಿ ಅಂದಿದ್ದ ಗಂಟಿನಿಂದಲೇ ಬ್ಯಾಟರಿ ತೆಗೆದು, ಹೆಗಲ ಮೇಲೆ ಹೊತ್ತು, ಗಾಡಿಯಿಂದ ಎರಡು ಮಾರು ದೂರದಲ್ಲೇ ನಿಂತಿದ್ದರು.

"ತರ್ರಿ, ಅಲ್ಲೇ ಯಾಕ ನಿಂತೀರಿ?"

"ಮುಟ್ಟಬ್ಯಾಡ ಅಂದೀರಲ್ಲ."

ಓಡಿ ಹೋಗಿ ಇಸಕೊಂಡು ಕೇಬಲ್ ಹಾಕಿದೆ. ವೋಲ್ಟೇಜ್ ಮೇಲೆದ್ದಿತು. ನೂರಾಗಿ, ಕೀ ತಿರುಗಿಸಿದಾಗ ಎಂಜಿನ್ ಗುರ್ ಅಂದ ಮೇಲೇ ನನಗೆ ಉಸಿರು ಬಂದದ್ದು.

ಅವರ ಸಂಸಾರವನ್ನೆಲ್ಲ ನಾನೇ ಎತ್ತಿ ಗಾಡಿಗೆ ಹಾಕಿದೆ. ಅವರು ಮಾತ್ರ ಕೈಕಟ್ಟಿಕೊಂಡು ಅಲ್ಲೇ ನಿಂತಿದ್ದರು. ಮುಟ್ಟಬಹುದು ಅಂತ ನಾನಿನ್ನೂ ಹೇಳಿರಲಿಲ್ಲ.